ಕೂದಲು ಯಾವ ಡಬ್ಬಕ್ಕೆ

ಕೋಣೆಗೆ ಸಂಬಳದಲ್ಲಿ ಅರ್ಧ. ಬಸ್ ಪಾಸಿಗೆ ನಾಲ್ಕು ದಿನದ ದುಡಿಮೆ. ಒಂದು ದಿಂಬಿಗೆ ಕೊಟ್ಟ ದುಡ್ಡಿಗೆ ನಮ್ಮೂರಲ್ಲಿ ಮಂಚವೇ ಬರುತ್ತಿತ್ತು. ಇವೆಲ್ಲದರ ಜೊತೆಗೆ ಎರಡು ಬಾಟಲಿ ಫಿನಾಯಿಲ್, ಮೂರು ಜೊತೆ ರಬ್ಬರ್ ಗ್ಲೌಸು, ಉದ್ದ ಹಿಡಿಯ ಬ್ರಷ್ಷು, ಮೂಗಿಗೆ ಮಾಸ್ಕು. ಹೊಸ ದೇಶದಲ್ಲಿ ಮೊದಲ ವಾರ ತಿಂದದ್ದಕ್ಕಿಂತ ತೊಳೆದದ್ದಕ್ಕೇ ನನಗೆ ಹೆಚ್ಚು ಖರ್ಚಾಯಿತು.

ತೊಳೆಯದೆ ಇರುವ ಹಾಗೂ ಇರಲಿಲ್ಲ. ಕೋಣೆಯ ನೆಲಕ್ಕೆ ಕಾರ್ಪೆಟ್ಟು ಅಂಟಿಸಿದ್ದರು. ನೀರು ಹಾಕಿ ಒರೆಸಲಾಗದ ನೆಲವನ್ನು ನಾನು ನೋಡಿದ್ದು ಅದೇ ಮೊದಲು. ಎಷ್ಟು ಜನರ ಅಂಗಾಲಿನ ಬೆವರು ಕುಡಿದಿತ್ತೋ, ಕಿಟಕಿ ತೆಗೆದರೂ ಒದ್ದೆ ಸಾಕ್ಸಿನ ವಾಸನೆ. ಮಂಚದ ಅಂಚಿನವರೆಗೂ ಚಪ್ಪಲಿಯಲ್ಲೇ ಹೋಗಿ, ಅಲ್ಲಿ ಬಿಟ್ಟು, ಕಾಲು ಮೇಲೆ ಎಳೆದುಕೊಂಡು ಕೂರುತ್ತಿದ್ದೆ. ಅಡಿಗೆಮನೆಯಲ್ಲಿ ಎಲ್ಲರ ಎಂಜಲಿಗೂ ಮುಸುರೆಗೂ ಒಂದೇ ಸ್ಪಂಜು. ಹಿಂಡಿದರೆ ಬೂದು ಬಣ್ಣದ ನೀರು ಬರುತ್ತಿತ್ತು.

ಸ್ನಾನದಮನೆಯದು ಬೇರೆಯೇ ಕಥೆ. ಬಂದಿಳಿದು ಹತ್ತು ನಿಮಿಷ ಆಗಿತ್ತು, ಕೈಕಾಲು ತೊಳೆಯೋಣ ಎಂದು ಹೋದೆ. ನೀರು ಹೋಗುವ ಜಾಲರಿಯ ಮೇಲೆ ಒಂದು ಹಿಡಿ ಉದ್ದ ಕೂದಲು, ಸೋಪಿನ ಜಿಡ್ಡು ಮೆತ್ತಿಕೊಂಡು, ಸತ್ತ ಇಲಿಯ ಹಾಗೆ ಬಿದ್ದಿತ್ತು. ವಿಮಾನದಲ್ಲಿ ತಿಂದದ್ದು ಗಂಟಲಿಗೆ ಬಂತು.

"ಯಾರದ್ದಕ್ಕಾ ಇದು?"

ಮನೆಯಾಕೆ ಬಾಗಿಲಿಗೆ ಬಂದು ಇಣುಕಿದರು. ಇಪ್ಪತ್ತು ವರ್ಷದಿಂದ ಆ ಊರಲ್ಲಿ ಬಸ್ಸು ಓಡಿಸುವ ನಮ್ಮ ಭಾಷೆಯ ಹೆಂಗಸು. ಇರುವ ಮೂರು ಕೋಣೆಯಲ್ಲಿ ಎರಡನ್ನು ಬಾಡಿಗೆಗೆ ಕೊಟ್ಟಿದ್ದರು. ಎಲ್ಲರಿಗೂ ಬಸ್ಸಕ್ಕ.

"ನಿನಗಿಂತ ಮುಂಚೆ ಇದ್ದವಳದ್ದಿರಬೇಕು ಕಣೇ. ಕೋಣೆ ಖಾಲಿ ಮಾಡಿದಳು, ಕೂದಲು ಖಾಲಿ ಮಾಡಲಿಲ್ಲ. ನನ್ನದಂತೂ ಅಲ್ಲ, ನನ್ನ ತಲೇಲಿ ಇರೋದೇ ನಾಲ್ಕು, ಅವೂ ನೆಟ್ಟಗೆ ನಿಂತಿವೆ."

ಬಸ್ಸಕ್ಕನಿಗೆ ತನ್ನ ಕೋಣೆಗೆ ಸೇರಿದ ಸ್ನಾನದಮನೆ ಬೇರೆ ಇತ್ತು. ಇದನ್ನು ನಾನು ಇನ್ನೊಂದು ಕೋಣೆಯ ಬಾಡಿಗೆಯವನ ಜೊತೆ ಹಂಚಿಕೊಳ್ಳಬೇಕಿತ್ತು. ಗ್ಲೌಸು ಹಾಕಿ, ಮಾಸ್ಕು ಹಾಕಿ, ಕಣ್ಣು ಮುಚ್ಚಿ ಆ ಗುಡ್ಡೆಯನ್ನು ಎತ್ತಿ ಬಿಸಾಕಿದೆ. ಮಾರನೆಯ ದಿನದಿಂದ ಜಾಲರಿ ಲಕಲಕ ಅನ್ನುತ್ತಿತ್ತು. ನನ್ನ ಕೈಗುಣ ಎಂದುಕೊಂಡೆ.

ನನ್ನ ಕೆಲಸ ಹಲ್ಲು ಕಟ್ಟುವುದು. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾವು ಲ್ಯಾಬಿನಲ್ಲಿ ಕೂತು ಅದಕ್ಕೆ ಸರಿಯಾಗಿ ಸೆಟ್ಟು ಮಾಡುತ್ತೇವೆ. ಹದಿನಾಲ್ಕು ವರ್ಷ ಅದನ್ನೇ ಮಾಡಿ ಕಣ್ಣಿಗೆ ಸೋಡಾ ಬಾಟಲಿ ತಳದಂಥ ಕನ್ನಡಕ ಬಂದಿದೆ. ವಯಸ್ಸು ಮೂವತ್ತೇಳು. ನಾಲ್ಕು ಜನ ತಿರುಗಿ ನೋಡುವಂಥದ್ದು ಅಂತ ನನ್ನಲ್ಲಿ ಇದ್ದದ್ದು ಜಡೆ ಒಂದೇ, ಸೊಂಟ ದಾಟುತ್ತಿತ್ತು. ಮುಖ ನೋಡೋಕೆ ಬಂದ ಗಂಡಿನ ಕಡೆಯವರೆಲ್ಲ ಬೆನ್ನು ಹೊಗಳಿ, ಕಾಫಿ ಕುಡಿದು ಹೋಗಿದ್ದರು.

ಲ್ಯಾಬಿನವರು ಒಂದು ತಿಂಗಳು ನೋಡುತ್ತೇವೆ ಎಂದಿದ್ದರು. ನಾನೂ ಒಂದು ತಿಂಗಳು ನೋಡುತ್ತೇನೆ ಎಂದೇ ಬಂದಿದ್ದೆ. ಮೂವತ್ತನೆಯ ದಿನಕ್ಕೆ ವಾಪಸ್ ಟಿಕೆಟ್ಟು ಇತ್ತು, ದಿನ ಬದಲಾಯಿಸುವ ಹಾಗಿಲ್ಲದ ಅಗ್ಗದ ಟಿಕೆಟ್ಟು. ಇರುವುದೋ ಹೋಗುವುದೋ ಎಂದು ಇಪ್ಪತ್ತನೆಯ ದಿನ ಲ್ಯಾಬಿಗೂ ಬಸ್ಸಕ್ಕನಿಗೂ ಹೇಳಬೇಕಿತ್ತು.

"ಹಿಡಿಸದಿದ್ರೆ ಬಂದುಬಿಡೇ," ಅಂದಳು ಅಮ್ಮ ಫೋನಿನಲ್ಲಿ. ಆಮೇಲೆ ದನಿ ಇಳಿಸಿ, "ನಿನ್ನ ಕೋಣೇಲಿ ತಮ್ಮನ ಹೆಂಡ್ತಿ ಹೊಲಿಗೆ ಮಿಷನ್ನು ಹಾಕ್ಕೊಂಡಿದ್ದಾಳೆ. ಇರ್ಲಿ ಬಿಡು, ಹಾಲ್‌ನಲ್ಲಿ ಮಲಗಿದ್ರಾಯ್ತು."

ಹದಿನಾಲ್ಕು ವರ್ಷ ದುಡಿದು ಕಟ್ಟಿದ ಮನೆಯಲ್ಲಿ ನನಗೆ ಹಾಲ್‌ನ ಒಂದು ಮೂಲೆ. ಇಲ್ಲಿ ಸಾಕ್ಸಿನ ವಾಸನೆಯ ಕಾರ್ಪೆಟ್ಟು. ಆಯ್ಕೆ ಅಷ್ಟೇ.

* * *

ಇನ್ನೊಂದು ಕೋಣೆಯವನನ್ನು ನಾನು ಮನಸ್ಸಿನಲ್ಲೇ ಟೋಪಿ ಎಂದು ಕರೆಯುತ್ತಿದ್ದೆ. ಅಮ್ಮನಿಗೆ ಹೇಳಿದಾಗ, "ಗಂಡಸು, ಅದರ ಮೇಲೆ ಟೋಪಿ. ಹುಷಾರು," ಅಂದಳು.

ಅವನೂ ನಮ್ಮ ಭಾಷೆಯವನೇ, ಲಿಫ್ಟು ರಿಪೇರಿ ಮಾಡುವವನು. ಮನೆಯೊಳಗೂ ಉಣ್ಣೆಯ ಟೋಪಿ ತೆಗೆಯುತ್ತಿರಲಿಲ್ಲ. ಊಟಕ್ಕೆ ಕೂತರೂ ಟೋಪಿ, ಪಾತ್ರೆ ತೊಳೆಯುವಾಗಲೂ ಟೋಪಿ. ತಲೆಗೆ ಸ್ನಾನ ಮಾಡುತ್ತಾನೋ ಇಲ್ಲವೋ ಎಂದು ನನಗೆ ಅನುಮಾನ. ಉಗುರಿನ ಸಂದಿಯಲ್ಲಿ ಗ್ರೀಸು, ಟವೆಲಿನಲ್ಲಿ ಗ್ರೀಸು. ಎರಡನೆಯ ವಾರ ಶವರಿನ ಕೊಳವೆಯ ಮೇಲೂ ಐದು ಕಪ್ಪು ಬೆರಳಿನ ಗುರುತು. ನಾನು ಚೀಟಿ ಬರೆದು ಕನ್ನಡಿಗೆ ಅಂಟಿಸಿದೆ: "ದಯವಿಟ್ಟು ಕೈ ತೊಳೆದು ನಲ್ಲಿ ಮುಟ್ಟಿ."

ಸಂಜೆ ಅದರ ಕೆಳಗೆ ಪೆನ್ಸಿಲಿನಲ್ಲಿ ಬರೆದಿತ್ತು: "ಕೈ ತೊಳೆಯಲು ನಲ್ಲಿ ಮುಟ್ಟಬೇಕಲ್ಲ?"

ನಗು ಬಂತು. ಬಂದದ್ದಕ್ಕೆ ಸಿಟ್ಟೂ ಬಂತು.

ಬೆಳಿಗ್ಗೆ ಆರೂವರೆಗೆ ನನ್ನ ಸ್ನಾನ, ಏಳಕ್ಕೆ ಅವನದು. ಕನ್ನಡಕ ಕೋಣೆಯಲ್ಲೇ ಬಿಟ್ಟು ಹೋಗುತ್ತಿದ್ದೆ, ಹಬೆ ಹಿಡಿಯುತ್ತದೆಂದು. ಅದಿಲ್ಲದಿದ್ದರೆ ನೋಡಬಾರದ್ದೆಲ್ಲ ಕಾಣುವುದಿಲ್ಲ ಎಂಬುದೂ ಒಂದು ಲಾಭ. ಮೂರನೆಯ ದಿನ ಸ್ನಾನ ಮುಗಿಸಿ ಬರುವಾಗ ಕಿರಿದಾದ ಓಣಿಯಂಥ ಪ್ಯಾಸೇಜಿನಲ್ಲಿ ಅವನು ಅಡ್ಡ ನಿಂತಿದ್ದ.

"ಸ್ವಲ್ಪ ಜಾಗ ಬಿಡ್ತೀರಾ?" ಅಂದೆ.

ಮಾತಿಲ್ಲ, ಕದಲಲಿಲ್ಲ. ಗೋಡೆಗೆ ಒರಗಿಕೊಂಡು ಮೈ ಅವನಿಗೆ ತಾಗದ ಹಾಗೆ ನುಸುಳಿದೆ. ಗ್ರೀಸಿನ ವಾಸನೆ ಮೂಗಿಗೆ ಹೊಡೆಯಿತು. ಮರ್ಯಾದೆ ಗೊತ್ತಿಲ್ಲದ ಪ್ರಾಣಿ ಎಂದು ಗೊಣಗಿಕೊಂಡೆ.

ಒಂದು ಸಂಜೆ ಅಡಿಗೆಮನೆಯ ಮೇಜಿನ ಮೇಲೆ ಅಭ್ಯಾಸಕ್ಕೆಂದು ತಂದ ಹಲ್ಲಿನ ಸೆಟ್ಟು ಉಜ್ಜುತ್ತಾ ಕೂತಿದ್ದೆ. ಅವನು ತನ್ನ ತಟ್ಟೆ ತಂದು ಎದುರಿಗೆ ಕೂತ. ಹಲ್ಲಿನ ಕಡೆ ನೋಡಿ ಕೇಳಿದ:

"ಇವರದ್ದು ಊಟ ಆಯ್ತಾ?"

"ನಿಮಗೆ ಅಸಹ್ಯ ಆದ್ರೆ ತೆಗೀತೀನಿ."

"ನನಗೇನು. ಲಿಫ್ಟಿನ ಕೆಳಗೆ ಒಂದು ಗುಂಡಿ ಇರುತ್ತೆ, ನೋಡಿದ್ದೀರಾ? ಜನ ಬೀಳಿಸಿದ್ದೆಲ್ಲ ಅಲ್ಲಿಗೇ ಬರೋದು. ಕೀ, ಅಗಿದ ಚೂಯಿಂಗ್ ಗಮ್ಮು, ಮಕ್ಕಳ ಸಾಕ್ಸು. ಒಂದ್ಸಲ ಇಂಥದ್ದೇ ಹಲ್ಲಿನ ಸೆಟ್ಟು. ಎತ್ತಿ ತಂದು ಕೊಟ್ಟೆ. ಆ ಅಜ್ಜ ಪ್ಯಾಂಟಿಗೆ ಒರೆಸಿಕೊಂಡು ಅಲ್ಲೇ ಹಾಕ್ಕೊಂಡ್ರು."

"ಛೀ."

"ನಾನೂ ಅದನ್ನೇ ಅಂದೆ. ಥ್ಯಾಂಕ್ಸ್ ಅಂದ್ರು. ಹಲ್ಲು ಬಿಟ್ಕೊಂಡು."

ಅವನಿಗೆ ನಗುವಾಗ ಕಣ್ಣಿನ ಪಕ್ಕ ಮೂರು ಗೆರೆ ಬೀಳುತ್ತಿತ್ತು, ಬೀಸಣಿಗೆ ಬಿಚ್ಚಿದ ಹಾಗೆ. ನಾನು ನೋಡಿದ್ದು ಅವನಿಗೆ ಗೊತ್ತಾಯಿತು, ಚಾವಣಿಯ ಕಡೆ ತಲೆ ಎತ್ತಿದ. ಮುಜುಗರ ಆದಾಗೆಲ್ಲ ಮೇಲೆ ನೋಡುವುದು ಅವನ ಅಭ್ಯಾಸ. ಲಿಫ್ಟಿನವನಲ್ಲವೇ.

ಮಾತು ತಪ್ಪಿಸಲು ನಾನು ಕೆಟಲ್ಲಿನ ಮುಚ್ಚಳ ತೆರೆದೆ. ಒಳಗೆ ಸುಣ್ಣದಂಥ ಬಿಳಿ ಚಕ್ಕೆ ಕಟ್ಟಿತ್ತು. "ಇದನ್ನಾದ್ರೂ ತೊಳೀಬಾರ್ದಾ ಯಾರಾದ್ರೂ? ನೋಡಿದ್ರೆ ವಾಕರಿಕೆ ಬರುತ್ತೆ."

"ಅದು ಕೊಳೆ ಅಲ್ಲ, ಇಲ್ಲಿನ ನೀರೇ ಹಾಗೆ. ಗಡಸು. ಕೆಟಲ್ಲಿಗೂ ಒಳ್ಳೇದಲ್ಲ, ಮತ್ತೆ..." ನನ್ನ ತಲೆಯ ಕಡೆ ಒಮ್ಮೆ ನೋಡಿ, ಮತ್ತೆ ಚಾವಣಿ ನೋಡಿದ. "ಯಾವುದಕ್ಕೂ ಒಳ್ಳೇದಲ್ಲ."

ಗಂಡಸರು ನನ್ನ ಜಡೆ ನೋಡುವುದು ನನಗೆ ಹೊಸದಲ್ಲ. ಜಡೆಯನ್ನು ಮುಂದಕ್ಕೆ ಎಳೆದು ಹಾಕಿಕೊಂಡೆ. ತುದಿಯ ರಬ್ಬರ್ ಬ್ಯಾಂಡು ಜಾರಿತು. ಊರಲ್ಲಿ ಎರಡು ಸುತ್ತಿಗೆ ಬಿಗಿಯಾಗುತ್ತಿತ್ತು, ಇಲ್ಲಿ ಮೂರು ಸುತ್ತಿದರೂ ನಿಲ್ಲುತ್ತಿರಲಿಲ್ಲ. ಈ ದೇಶದಲ್ಲಿ ರಬ್ಬರ್ ಬ್ಯಾಂಡೂ ಸರಿ ಇಲ್ಲ ಎಂದುಕೊಂಡೆ.

* * *

ಹತ್ತೊಂಬತ್ತನೆಯ ದಿನ ಶನಿವಾರ, ಮಧ್ಯಾಹ್ನ. ಬಟ್ಟೆ ಒಣಗಿಸಲು ಕ್ಲಿಪ್ಪು ಬೇಕಿತ್ತು. "ಬಾಲ್ಕನಿ ಶೆಲ್ಫಲ್ಲಿ ನೋಡೇ," ಅಂದರು ಬಸ್ಸಕ್ಕ. ಶೆಲ್ಫಿನಲ್ಲಿ ಅವನ ಹತಾರದ ಪೆಟ್ಟಿಗೆಯ ಹಿಂದೆ ಒಂದು ಬಿಸ್ಕತ್ ಡಬ್ಬ ಇತ್ತು. ಅದೇ ಇರಬೇಕೆಂದು ಮುಚ್ಚಳ ತೆಗೆದೆ.

ಒಳಗೆ ಪೇಪರಿನ ಪೊಟ್ಟಣಗಳು, ಔಷಧದ ಪುಡಿ ಕಟ್ಟಿಕೊಟ್ಟ ಹಾಗೆ ಅಚ್ಚುಕಟ್ಟು. ಒಂದನ್ನು ಬಿಡಿಸಿದೆ. ಹೆಂಗಸಿನ ಕೂದಲು, ಬೆರಳಿಗೆ ಸುತ್ತಿ ಉಂಡೆ ಕಟ್ಟಿದ್ದು. ಇನ್ನೊಂದು ಬಿಡಿಸಿದೆ. ಅದರಲ್ಲೂ ಕೂದಲು. ಎಲ್ಲದರಲ್ಲೂ ಕೂದಲು.

ಕೈಯಲ್ಲಿ ಹುಳ ಹರಿದ ಹಾಗಾಯಿತು. ಬಾಚಿದ ಕೂದಲನ್ನು ಕಂಡಕಂಡಲ್ಲಿ ಬಿಡಬೇಡ, ಸುತ್ತಿ ಮೂರು ಸಲ ಥೂ ಎಂದು ಉಗಿದು ಬಿಸಾಕು, ಯಾರ ಕೈಗಾದರೂ ಸಿಕ್ಕರೆ ಮಾಟ ಮಾಡಿಸುತ್ತಾರೆ ಎನ್ನುತ್ತಿದ್ದಳು ನನ್ನ ಅಜ್ಜಿ. ಮಾಟದಲ್ಲಿ ನನಗೆ ನಂಬಿಕೆ ಇಲ್ಲ. ಆದರೆ ನಂಬಿಕೆ ಬೇರೆ, ಭಯ ಬೇರೆ. ಮಾಟ ಅಲ್ಲದಿದ್ದರೆ ಅದಕ್ಕಿಂತ ಹೊಲಸು ಏನೋ. ಆ ಮೊದಲಿನವಳದ್ದೇ ಇರಬೇಕು, ಪಾಪ, ಅದಕ್ಕೇ ಬಿಟ್ಟು ಓಡಿದ್ದಾಳೆ.

ಡಬ್ಬವನ್ನು ಎರಡು ಬೆರಳಲ್ಲಿ ಹಿಡಿದು ತಂದು ಅಡಿಗೆಮನೆಯ ಮೇಜಿನ ಮೇಲೆ ಇಟ್ಟೆ. "ಅಕ್ಕ, ನಾಳೆ ಹೇಳಬೇಕಾಗಿದ್ದನ್ನ ಇವತ್ತೇ ಹೇಳ್ತೀನಿ. ನಾನು ಹೊರಟೆ."

ಬಸ್ಸಕ್ಕ ಒಳಗೆ ನೋಡಿದರು. ಹುಬ್ಬು ಗಂಟಾಯಿತು. "ಲೇ, ಬಾರೋ ಇಲ್ಲಿ."

ಅವನು ಬಂದ. ಡಬ್ಬ ನೋಡಿದ, ನನ್ನನ್ನು ನೋಡಿದ. ಕಿವಿಯ ತುದಿ ಕೆಂಪಾಯಿತು.

"ಏನೋ ಇದು?"

"ಕೂದಲು ಅಕ್ಕ."

"ಕೂದಲು ಅಂತ ನಂಗೂ ಕಣ್ಣು ಕಾಣುತ್ತೆ. ಮಾಟ ಗೀಟ ಕಲ್ತಿದ್ದೀಯೇನೋ?"

"ಅಯ್ಯೋ ಅಕ್ಕ, ನಾನು ಲಿಫ್ಟ್ ರಿಪೇರಿಯವನು."

"ಮತ್ಯಾಕೆ ಕೂಡಿಟ್ಟಿದ್ದೀಯ?"

"ಯಾವ ಡಬ್ಬಕ್ಕೆ ಹಾಕಬೇಕು ಅಂತ ಗೊತ್ತಾಗ್ಲಿಲ್ಲ."

ಬಸ್ಸಕ್ಕ ಫ್ರಿಜ್ಜಿನ ಕಡೆ ತಿರುಗಿದರು. ಅದರ ಬಾಗಿಲ ಮೇಲೆ ಯಾವ ಕಸ ಯಾವ ಡಬ್ಬಕ್ಕೆ ಎಂಬ ನಗರಸಭೆಯ ಪಟ್ಟಿ ಅಂಟಿಸಿತ್ತು. ಕೆಳಗೆ ಅಂಗಳದಲ್ಲಿ ನಾಲ್ಕು ಬಣ್ಣದ ಡಬ್ಬ: ಕಾಗದ, ಗಾಜು ಪ್ಲಾಸ್ಟಿಕ್ಕು, ಕೊಳೆಯುವುದು, ಸುಡುವುದು.

"ಹೋದ ವರ್ಷ ನಾನು ಟೀ ಚೀಲ ತಪ್ಪು ಡಬ್ಬಕ್ಕೆ ಹಾಕಿ ನಿಮಗೆ ದಂಡ ಬಿತ್ತಲ್ಲ," ಅಂದ. "ಒಂದು ತಿಂಗಳು ನೀವು ನನ್ನ ಜೊತೆ ಮಾತಾಡ್ಲಿಲ್ಲ. ಅವತ್ತಿಂದ ಪಟ್ಟೀಲಿ ಇಲ್ಲದ್ದನ್ನ ನಾನು ಯಾವುದಕ್ಕೂ ಹಾಕಲ್ಲ. ಕೂದಲು ಪಟ್ಟೀಲಿ ಇಲ್ಲ."

"ಕೊಳೆಯೋದಕ್ಕೆ ಹಾಕೋದಪ್ಪ."

"ಕೂದಲು ಎಲ್ಲಿ ಕೊಳೆಯುತ್ತೆ ಅಕ್ಕ?"

"ಹಂಗಾದ್ರೆ ಸುಡೋದಕ್ಕೆ."

"ಸುಟ್ರೆ ಇಡೀ ಊರು ನಾತ. ಅದೂ ಅಲ್ದೆ, ಹೆಣ್ಣುಮಕ್ಕಳ ತಲೆಕೂದಲು. ಈರುಳ್ಳಿ ಸಿಪ್ಪೆ ಜೊತೆ ಹಾಕೋಕೆ ಮನಸ್ಸು ಬರ್ಲಿಲ್ಲ."

"ಯಾವ ಹೆಣ್ಣುಮಗಳದ್ದು?" ಎಂದೆ ನಾನು.

ಅವನು ಚಾವಣಿ ನೋಡಿದ.

ಮೊದಲು ಅರ್ಥವಾದದ್ದು ಬಸ್ಸಕ್ಕನಿಗೆ. ಪೊಟ್ಟಣದಿಂದ ಒಂದೆಳೆ ಎಳೆದು, "ತಿರುಗೇ," ಎಂದರು. ತಿರುಗಿದೆ. ಎಳೆಯನ್ನು ನನ್ನ ಜಡೆಯ ಪಕ್ಕ ಇಳಿಬಿಟ್ಟು ಅಳೆದರು. ಉದ್ದ ಒಂದೇ, ಬಣ್ಣ ಒಂದೇ.

"ನನ್ನ ಕೂದಲು ಉದುರಲ್ಲ ಅಕ್ಕ," ಎಂದೆ. ಹಾಗೆನ್ನುತ್ತಲೇ ಜಡೆಗೆ ಕೈ ಹಾಕಿದೆ. ಮುಷ್ಟಿ ತುಂಬುತ್ತಿದ್ದದ್ದು ಎರಡು ಬೆರಳಿನ ಉಂಗುರದಲ್ಲಿ ಹಿಡಿಯಿತು. ರಬ್ಬರ್ ಬ್ಯಾಂಡು ಮೂರು ಸುತ್ತು.

* * *

ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಹಲ್ಲಿನ ಕೆಲಸದ ಭೂತಗನ್ನಡಿ ಹಿಡಿದು ಗೋಡೆಯ ಕನ್ನಡಿಯಲ್ಲಿ ಬೈತಲೆ ನೋಡಿಕೊಂಡೆ. ಗೆರೆ ಇದ್ದ ಕಡೆ ದಾರಿ ಆಗಿತ್ತು.

ಅತ್ತದ್ದು ಕೂದಲಿಗಲ್ಲ. ಹತ್ತೊಂಬತ್ತು ದಿನ ನಾನು ಆ ಮನೆಯ ಪ್ರತಿಯೊಂದನ್ನೂ ನೋಡಿ ಮೂಗು ಮುಚ್ಚಿಕೊಂಡಿದ್ದೆ, ಅವನ ಟವೆಲು, ಅವನ ಉಗುರು, ಅವನ ಟೋಪಿ. ಅಷ್ಟೂ ದಿನ ಅವನು ಬೆಳಿಗ್ಗೆ ಎದ್ದು, ನಾನು ಸ್ನಾನ ಮಾಡಿ ಬಿಟ್ಟು ಬಂದ ಜಿಡ್ಡುಗೂದಲನ್ನು ಬರಿಗೈಯಲ್ಲಿ ಬಾಚಿ ತೆಗೆದು ತನ್ನ ಸ್ನಾನ ಮಾಡಿದ್ದ. ಮನೆಯಲ್ಲಿ ಗಲೀಜು ಅಂತ ಇದ್ದದ್ದು ನನ್ನದೇ. ಆ ಹೇಸಿಗೆಯನ್ನು ಫಿನಾಯಿಲ್ ಹಾಕಿ ತೊಳೆಯುವ ಹಾಗಿರಲಿಲ್ಲ. ಈ ಮುಖ ಹೊತ್ತು ದಿನಾ ಬೆಳಿಗ್ಗೆ ಅವನೆದುರು ಹೋಗುವುದು ಹೇಗೆ? ಹಾಲ್‌ನಲ್ಲಿ ಮಲಗುವುದೇ ವಾಸಿ ಅನ್ನಿಸಿತು. ಸೂಟ್‌ಕೇಸು ಎಳೆದೆ.

ಬಾಗಿಲ ಹೊರಗೆ ಗಂಟಲು ಸರಿಮಾಡಿಕೊಂಡ ಸದ್ದು.

"ಬಾಗಿಲು ತೆಗೀಬೇಡಿ, ಪರವಾಗಿಲ್ಲ. ಒಂದು ಮಾತು ಹೇಳಿ ಹೋಗ್ತೀನಿ. ಡಬ್ಬ ಇಟ್ಟಿದ್ದು ತಪ್ಪು. ನೋಡಿದವರಿಗೆ ಹೇಗೆ ಕಾಣುತ್ತೆ ಅಂತ ಯೋಚಿಸ್ಲಿಲ್ಲ."

"ಮೊದಲೇ ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳೋದು? 'ನಮಸ್ಕಾರ, ನಿಮ್ಮ ಕೂದಲು ಉದುರ್ತಾ ಇದೆ' ಅಂತಾನಾ? ನೀವು ಆಗಲೇ ಬೇಜಾರಲ್ಲಿದ್ರಿ. ಗೊತ್ತಾಗೋ ಮುಂಚೆ ನಿಲ್ಲಿಸಿಬಿಡೋಣ ಅಂತ ಹೋದ ವಾರ ಶವರಿಗೆ ಫಿಲ್ಟರ್ ಕೂರಿಸಿದೆ. ನೀರಿನ ಸುಣ್ಣ ತಡೆಯುತ್ತೆ."

ಐದು ಕಪ್ಪು ಬೆರಳು. ಅವಕ್ಕೆ ನಾನು ಚೀಟಿ ಅಂಟಿಸಿದ್ದೆ.

ಕನ್ನಡಕ ಹಾಕಿಕೊಂಡು ಬಾಗಿಲು ತೆಗೆದೆ. ಅವನು ಎದುರಿನ ಗೋಡೆಗೆ ಬೆನ್ನು ಹಚ್ಚಿ, ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ತಲೆ ಉಜ್ಜಿಟ್ಟ ತಂಬಿಗೆಯ ಹಾಗೆ ಹೊಳೆಯುತ್ತಿತ್ತು.

"ನಾನೂ ತುಂಬಿದ ತಲೆ ಹೊತ್ಕೊಂಡೇ ಬಂದವನು," ಅಂದ. "ಒಂದು ವರ್ಷ ಸಾಕಾಯ್ತು. ಅದಕ್ಕೇ ಟೋಪಿ ಹಾಕ್ಕೊಳ್ಳೋದು. ಯಾರಿಗೂ ಟೋಪಿ ಹಾಕಿದೋನಲ್ಲ."

ನಗಬಾರದೆಂದು ತುಟಿ ಕಚ್ಚಿಕೊಂಡೆ. ಕೆಲಸ ಮಾಡಲಿಲ್ಲ.

"ಅಸಹ್ಯ ಆಗ್ಲಿಲ್ವಾ ನಿಮಗೆ?" ಎಂದು ಕೇಳಿದೆ.

ಅವನು ಸುಳ್ಳು ಹೇಳಿದ್ದರೆ ನಾನು ಬಾಗಿಲು ಹಾಕಿಕೊಂಡು ಸೂಟ್‌ಕೇಸು ತುಂಬುತ್ತಿದ್ದೆ. ಖಂಡಿತ.

"ಆಯ್ತು. ಮೊದಲನೇ ದಿನ ಆಯ್ತು. ಎರಡನೇ ದಿನ ಬಾಯಿಗೇ ಬಂತು. ಮೂರನೇ ದಿನ ಸ್ನಾನದ ಸರದಿಗೆ ಕೋಣೆ ಬಾಗಿಲಲ್ಲಿ ನಿಂತಿದ್ದೆ. ನೀವು ಕನ್ನಡಕ ಇಲ್ದೆ ಬಂದ್ರಿ. ಪ್ಯಾಸೇಜಲ್ಲಿ ನನ್ನ ಕೆಲಸದ ಕೋಟು ನೇತು ಹಾಕಿತ್ತು, ಮೇಲೆ ಸ್ನಾನಕ್ಕೆ ಅಂತ ತೆಗೆದಿಟ್ಟ ಟೋಪಿ. ಅದಕ್ಕೆ 'ಸ್ವಲ್ಪ ಜಾಗ ಬಿಡ್ತೀರಾ' ಅಂದ್ರಿ. ಅದು ಬಿಡ್ಲಿಲ್ಲ. ನೀವು ಕೋಟಿಗೆ ತಾಗದ ಹಾಗೆ ಗೋಡೆಗೆ ಅಂಟ್ಕೊಂಡು, ಬೈಕೊಂಡು ಹೋದ್ರಿ." ಕಣ್ಣಿನ ಪಕ್ಕದ ಬೀಸಣಿಗೆ ಬಿಚ್ಚಿಕೊಂಡಿತು. ಈ ಸಲ ಚಾವಣಿ ನೋಡಲಿಲ್ಲ, ನನ್ನನ್ನೇ ನೋಡಿದ. "ಆಮೇಲೆ ಅಸಹ್ಯ ಆಗ್ಲಿಲ್ಲ. ಆಮೇಲೆ ಆಗಿದ್ದು ಬೇರೆ."

"ಏನಾಗಿದ್ದು?"

"ಕೋಟಿನ ಮೇಲೆ ಹೊಟ್ಟೆಕಿಚ್ಚು."

ನನಗೆ ಮೂವತ್ತೇಳು. ಬೆನ್ನು ಹೊಗಳಿ ಹೋದವರನ್ನು ಬೇಕಾದಷ್ಟು ನೋಡಿದ್ದೆ. ಬೆನ್ನಿನ ಜಡೆ ಉದುರಿ ಮೋರಿಗೆ ಬಿದ್ದದ್ದನ್ನು ಎತ್ತಿಟ್ಟುಕೊಂಡು, ಮುಖ ನೋಡಿಕೊಂಡು ನಿಂತವನನ್ನು ನೋಡಿರಲಿಲ್ಲ.

"ಕೋಟನ್ನ ಅಲ್ಲಿಂದ ತೆಗೀರಿ," ಎಂದೆ. "ನಾಳೆಯಿಂದ ನಿಮಗೇ ಕೇಳ್ತೀನಿ."

"ನಾಳೆಯಿಂದ ಅಂದ್ರೆ... ಎಷ್ಟು ದಿನ?"

ಒಳಗೆ ಬಸ್ಸಕ್ಕ ಪಾತ್ರೆ ತೊಳೆಯುವ ಸದ್ದು ನಿಂತಿತ್ತು. ಕಿವಿ ನಮ್ಮ ಕಡೆಗೇ ಇತ್ತು.

"ನೀವು ಜಾಗ ಬಿಡೋವರೆಗೂ."

"ನಾನು ಬಿಡಲ್ಲ," ಅಂದ.

"ಸರಿ, ಇಬ್ಬರಿಗೂ ಬಾಡಿಗೆ ಇಳಿಸಲ್ಲ," ಎಂದು ಅಡಿಗೆಮನೆಯಿಂದ ಬಸ್ಸಕ್ಕನ ದನಿ ಬಂತು. ನಲ್ಲಿ ಮತ್ತೆ ಸುರಿಯಿತು.

* * *

ಸೋಮವಾರ ಬೆಳಿಗ್ಗೆ ಅವನು ನಗರಸಭೆಗೆ ಫೋನು ಮಾಡಿದ. ಕೂದಲು ಯಾವ ಡಬ್ಬಕ್ಕೆ ಎಂದು ಕೇಳಿದ. ಎಷ್ಟು ಕೂದಲು ಎಂದು ಆ ಕಡೆಯಿಂದ ಕೇಳಿದರು. ಹತ್ತೊಂಬತ್ತು ದಿನದ್ದು ಎಂದ. ಯಾರನ್ನೋ ಕೇಳಿಕೊಂಡು ಬಂದು ಹೇಳಿದರು: ಕೊಳೆಯುವುದಕ್ಕೇ ಹಾಕಿ.

"ನಾನು ಹೇಳಿರ್ಲಿಲ್ವೇನೋ," ಅಂದರು ಬಸ್ಸಕ್ಕ.

ಇಬ್ಬರೂ ಡಬ್ಬ ಹಿಡಿದು ಅಂಗಳಕ್ಕೆ ಇಳಿದೆವು. ಕಂದು ಡಬ್ಬದ ಮುಚ್ಚಳ ತೆಗೆದರೆ ಹಳಸಿದ ಅನ್ನ, ಕೊಳೆತ ಟೊಮೆಟೊ, ಮೇಲೆ ಸಣ್ಣ ನೊಣಗಳ ಮೋಡ. ಅವನು ಪೊಟ್ಟಣ ಬಿಡಿಸಿ ಹಾಕಲು ಹೋದ.

"ಹಾಗೇ ಹಾಕಬಾರ್ದು," ಎಂದು ತಡೆದೆ. "ಮೂರು ಸಲ ಉಗೀಬೇಕು. ಇಲ್ದಿದ್ರೆ ಯಾರಾದ್ರೂ ಮಾಟ ಮಾಡ್ತಾರೆ."

"ನಾನೂ ಉಗೀಬೇಕಾ?"

"ಎತ್ತಿಟ್ಟವರು ನೀವಲ್ವಾ?"

ಇಬ್ಬರೂ ಡಬ್ಬದ ಮೇಲೆ ಬಗ್ಗಿ ಥೂ, ಥೂ, ಥೂ ಎಂದು ಉಗಿದೆವು. ನಾಯಿ ಕರೆದುಕೊಂಡು ಹೋಗುತ್ತಿದ್ದ ಎದುರುಮನೆಯವರು ನಿಂತು ನೋಡಿದರು, ಅಸಹ್ಯದಿಂದ ಮುಖ ಸಿಂಡರಿಸಿ ನಾಯಿಯನ್ನು ಎಳೆದುಕೊಂಡು ಹೋದರು. ಅವರ ಮುಖ ನನಗೆ ಚೆನ್ನಾಗಿ ಗೊತ್ತಿದ್ದ ಮುಖ, ಹತ್ತೊಂಬತ್ತು ದಿನ ನಾನೇ ಹಾಕಿಕೊಂಡು ತಿರುಗಿದ್ದೆ. ಅವನು ಕೈ ಚಾಚಿದ. ಗ್ರೀಸು ಇತ್ತು. ಹಿಡಿದುಕೊಂಡೆ.

ಮೂವತ್ತನೆಯ ದಿನ ವಿಮಾನ ನನ್ನನ್ನು ಬಿಟ್ಟು ಹೋಯಿತು. ಟಿಕೆಟ್ಟಿನ ದುಡ್ಡು ಹೋಯಿತು. ಊರಿನ ಕೋಣೆ ಹೊಲಿಗೆ ಮಿಷನ್ನಿಗೆ ಹೋಯಿತು. ಜಡೆಯಲ್ಲಿ ಅರ್ಧ ಹೋಯಿತು, ಮತ್ತೆ ಬರಲಿಲ್ಲ. ಸಿಕ್ಕಿದ್ದು ಅವನು.